ದೊಡ್ಡವ್ವನ ಅಂಗೈಗೆ ಬಿದ್ದ ಕರಿ ಬಿಯರು

ನನ್ನ ದೊಡ್ಡವ್ವನ ಬಾಯಿಂದ ‘ಚೆನ್ನಾಗಿದೆ’ ಎಂಬ ಮಾತು ಹೊರಟದ್ದನ್ನು ಕೇಳಿದವರು ಇಡೀ ಮಾಗಡಿ ತಾಲ್ಲೂಕಿನಲ್ಲಿ ಒಬ್ಬರೂ ಇಲ್ಲ. ಇದ್ದರೆ ಕರೆದುಕೊಂಡು ಬನ್ನಿ, ಶಾಲು ಹೊದಿಸಿ ಸನ್ಮಾನ ಮಾಡೋಣ! ಗಂಡು ತೋರಿಸಿ ‘ಒಪ್ಪಿಗೆಯಾ’ ಎಂದು ಕೇಳಿದಾಗಲೂ ‘ನಡೀತದೆ ಬುಡಿ’ ಅಂದಿದ್ದಳಂತೆ. ಪಾಪ, ದೊಡ್ಡಪ್ಪ ಆ ಒಂದೇ ಮಾತಿನ ಮೇಲೆ ನಲವತ್ತು ವರ್ಷ ಸಂಸಾರ ಮಾಡಿದ್ದಾರೆ.

ಅವಳಿಗೆ ಈ ಅಧಿಕಾರ ಕೊಟ್ಟದ್ದು ಅವಳ ನಾಲಗೆ. ಊರಲ್ಲಿ ಯಾರ ಮನೆ ಮದುವೆಯಾದರೂ ಸಾರು ಇಳಿಸುವ ಮುಂಚೆ ದೊಡ್ಡವ್ವನಿಗೆ ಬುಲಾವ್. ಲೋಟ ಬೇಡ, ಚಮಚ ಬೇಡ. ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು, ಎರಡೂ ಕೈ ಉಜ್ಜಿ ಮೂಸುತ್ತಾಳೆ. ಇನ್ನೊಂದು ತೊಟ್ಟು ಬಿಟ್ಟುಕೊಂಡು ನೆಕ್ಕುತ್ತಾಳೆ. ಆಮೇಲೆ ತೀರ್ಪು! ಒಮ್ಮೆ ಹೀಗೇ ನೆಕ್ಕಿ, “ಹುಣಿಸೇಹಣ್ಣು ಹೋದೊರ್ಸದ್ದು” ಅಂದಳು. ಅಡುಗೆ ಭಟ್ಟರು ದೇವರಾಣೆ ಹೊಸದು ಎಂದರು. ಉಗ್ರಾಣದಲ್ಲಿ ಕೂತಿದ್ದ ಹೆಣ್ಣಿನ ಸೋದರಮಾವ ಮಾತ್ರ ಮೆಲ್ಲಗೆ ಎದ್ದು ಹಿತ್ತಲ ಕಡೆ ನಡೆದ.

ಮನುಷ್ಯರ ಕಥೆ ಬಿಡಿ, ದೇವರನ್ನಾದರೂ ಬಿಟ್ಟಳೇ? ಗುಡಿಯ ಪುಳಿಯೋಗರೆ ಬಾಯಿಗೆ ಹಾಕಿಕೊಂಡು, “ದೇವ್ರು ಮಾತಾಡಕಿಲ್ಲ ಅಂತ ಎಳ್ಳು ಹುರೀದೆ ಹಾಕವ್ರೆ” ಅಂದುಬಿಟ್ಟಳು. ಅವಳು ರಾಮನಗರದ ನಮ್ಮ ಮನೆಗೆ ಬರುತ್ತಾಳೆಂದರೆ ನನ್ನ ಹೆಂಡತಿ ಪ್ಯಾಕೆಟ್ ಹಾಲಿನ ಕವರನ್ನು ಪಕ್ಕದ ಮನೆಯವರ ಕಸದ ಬುಟ್ಟಿಗೆ ಹಾಕಿ ಬರುತ್ತಾಳೆ!

ಇಂಥವಳ ಒಬ್ಬಳೇ ಮಗಳು, ನನ್ನ ತಂಗಿ, ಏನು ಕೆಲಸ ಹಿಡಿದಳು ಗೊತ್ತೇ? ಬಿಯರ್ ಮಾಡುವುದು! ಬೈರಮಂಗಲದ ಕಡೆ ಒಂದು ಸಣ್ಣ ಬಿಯರ್ ಕಾರ್ಖಾನೆಯಲ್ಲಿ. ದೊಡ್ಡವ್ವ ಬೈಯಲಿಲ್ಲ, ಅಳಲಿಲ್ಲ. ಎರಡು ವರ್ಷ ಮಗಳ ಕೆಲಸದ ಸುದ್ದಿಯನ್ನೇ ಎತ್ತಲಿಲ್ಲ, ಅಷ್ಟೆ. ತಂಗಿಗೆ ಅದೇ ಕೊರಗು.

“ಕೆಟ್ಟದಾಗೈತೆ ಅಂತಲಾದ್ರೂ ಅನ್ಲಿ ಅಣ್ಣ. ಅವ್ವ ಒಂದ್ಸಲ ನೆಕ್ಕಿ ನೋಡುದ್ರೆ ಸಾಕು” ಎಂದು ಹೋದ ತಿಂಗಳು ನನ್ನ ಮುಂದೆ ಕಣ್ಣಲ್ಲಿ ನೀರು ಹಾಕಿಕೊಂಡಳು. ಕೈಯಲ್ಲಿ ಒಂದು ಬಾಟಲಿಯಿತ್ತು. ಅವಳೇ ಮೊದಲಿಂದ ಕೊನೆಯವರೆಗೆ ಮಾಡಿದ ಮೊದಲನೇ ಬಿಯರು. ಹೆಸರು ಇಂಪೀರಿಯಲ್ ಸ್ಟೌಟ್. ಬಣ್ಣ ಕಾಡಿಗೆ! ವಿಸ್ಕಿ ತುಂಬಿಟ್ಟಿದ್ದ ಓಕ್ ಮರದ ಪೀಪಾಯಿಯಲ್ಲಿ ಹದಿನಾಲ್ಕು ತಿಂಗಳು ಮಲಗಿ ಎದ್ದು ಬಂದದ್ದು.

ಭಾನುವಾರ ಬೆಳಿಗ್ಗೆ ಐಸ್ ಡಬ್ಬಿಯಲ್ಲಿ ಬಾಟಲಿ ಇಟ್ಟುಕೊಂಡು ಇಬ್ಬರೂ ಮಾಗಡಿ ಬಸ್ಸು ಹತ್ತಿದೆವು. ದೊಡ್ಡವ್ವ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ತಂಗಿ ನನ್ನ ಬೆನ್ನ ಹಿಂದೆ ಸರಿದಳು. ನಾನೇ ಬಾಟಲಿ ತೆಗೆದಿಟ್ಟು, “ದೊಡ್ಡವ್ವ, ಇದ್ರಲ್ಲಿ ಏನೇನೈತೆ ಅಂತ ಹೇಳಕ್ಕೆ ಬೆಂಗಳೂರಲ್ಲಿ ಟ್ರೈನಿಂಗ್ ಆದೋರೇ ಬೇಕಂತೆ. ನಿನ್ ಕೈಲಾಗಕಿಲ್ಲ ಬುಡು” ಅಂದೆ.

ಅವರೆಕಾಯಿ ನಿಂತಿತು.

“ಏನ್ಲಾ ಅಂದೆ? ತತ್ತಾ ಇಲ್ಲಿ!” ಬಾಟಲಿ ಮುಟ್ಟಿದವಳೇ ಕೈ ಕೊಡವಿದಳು. “ಇದ್ಯಾಕ್ಲಾ ಹಿಂಗೆ ಐಸಲ್ಲಿಟ್ಟಿದ್ದೀರಾ, ಹೆಣ ಇಟ್ಟಂಗೆ? ಕೊರೆಯೋದ್ರಲ್ಲಿ ನಾಲ್ಗೆಗೇನು ಗೊತ್ತಾದದು? ಬಿಸ್ಲಿಗಿಡು ಒಸಿ ಹೊತ್ತು.”

ತಂಗಿ ನನ್ನ ತೋಳು ಚಿವುಟಿದಳು. “ನಿಜ ಅಣ್ಣ, ಇದನ್ನ ಇಷ್ಟು ತಣ್ಣಗೆ ಕುಡೀಲೇಬಾರ್ದು! ಗಾಬರೀಲಿ ನಾನೇ ಮರ್ತುಬುಟ್ಟೆ!” ಸರಿ, ಬಾಟಲಿ ಹೊಸ್ತಿಲ ಬಿಸಿಲಲ್ಲಿ ಕೂತಿತು, ಪಕ್ಕದಲ್ಲಿ ನಾನು ಕಾವಲು. ಕುರಿ ಹೊಡೆದುಕೊಂಡು ಹೋಗುತ್ತಿದ್ದವನು “ಏನಣ್ಣ ಅದು?” ಎಂದ. “ಕಷಾಯ” ಅಂದೆ. “ನಂಗೂ ಕೆಮ್ಮು ಕಣಣ್ಣ” ಎಂದು ನಿಂತೇಬಿಟ್ಟ! ಅವನನ್ನು ಸಾಗಹಾಕುವಷ್ಟರಲ್ಲಿ ಸಾಕುಸಾಕಾಯಿತು.

ಕೊನೆಗೂ ಮುಚ್ಚಳ ತೆಗೆದು ಅಂಗೈಗೆ ಒಂದು ತೊಟ್ಟು ಬಿಟ್ಟೆ. ಉಜ್ಜಿದಳು. ಮೂಸಿದಳು. ಕಣ್ಣು ಮುಚ್ಚಿದಳು.

“ಸುಟ್ಟ ಕೊಬ್ರಿ.”

“ಅದು ಮರದ್ದು ಅವ್ವ! ಓಕ್ ಮರ ಹಂಗೇ ವಾಸ್ನೆ ಬುಡೋದು!” ತಂಗಿ ಕುಣಿಯುವುದೊಂದು ಬಾಕಿ.

ಇನ್ನೊಂದು ತೊಟ್ಟು, ಈಗ ನಾಲಗೆಗೆ. “ಆಲೆಮನೇಲಿ ಕೊಪ್ಪರಿಗೆ ತಳ ಹಿಡಿದ ಬೆಲ್ಲ.” ಮತ್ತೊಂದು. “ಕಾಫಿ ಬೀಜ ಅಂದ್ಕಂಡೆ, ಅಲ್ಲ.” ಮತ್ತೊಂದು. “ಅವಸ್ರ ಬಿದ್ದವ್ರೆ. ಇನ್ನೆರಡು ತಿಂಗ್ಳು ಬುಡಬೇಕಿತ್ತು.”

ತಂಗಿಯ ಮುಖ ಬಾಡಿತು. “ನಾನೂ ಅದೇ ಅಂದೆ ಅವ್ವ. ನಮ್ ಮಾಲೀಕ ಕೇಳ್ನಿಲ್ಲ” ಎಂದಳು, ದನಿಯೇ ಇಲ್ಲದ ದನಿಯಲ್ಲಿ. ಮುಗಿಯಿತು, ತಪ್ಪು ಸಿಕ್ಕಿತಲ್ಲ, ಇನ್ನು ಬಸ್ಸು ಹಿಡಿಯುವುದೇ ಎಂದುಕೊಂಡೆ.

“ಲೋಟ ತತ್ತಾ” ಅಂದಳು ದೊಡ್ಡವ್ವ.

ಲೋಟ! ನಾನು ಅಡುಗೆಮನೆಗೆ ಓಡಿದೆ. ಬಗ್ಗಿಸಿಕೊಟ್ಟ ಅರ್ಧ ಲೋಟವನ್ನು ಒಂದೊಂದೇ ಗುಟುಕು ಕುಡಿದಳು. ಆಮೇಲೆ ಮಗಳ ಕಡೆ ತಿರುಗಿ, “ಇದ್ರಲ್ಲಿ ರಾಗಿ ಐತೆ. ಯಾರೇ ಹುರಿದೋರು?” ಎಂದಳು.

“ನಾನೇ ಅವ್ವ. ನಮ್ ಹೊಲದ್ದೇ ರಾಗಿ. ಬಾಂಡ್ಲೀಲಿ ಹುರಿದು ಮೊಳಕೆ ಬಾರ್ಲಿ ಜತೆ ಸೇರಿಸ್ದೆ. ಯಾಕೆ, ಸೀದೈತಾ?”

ದೊಡ್ಡವ್ವ ಲೋಟವನ್ನು ಕೆಳಗಿಟ್ಟಳು.

“ನಮ್ಮವ್ವ ಹಿಂಗೇ ಕಣೆ ಹುರಿಯೋಳು. ಇನ್ನೇನು ಸೀದೋಯ್ತು ಅನ್ಬೇಕು, ಆಗ ಇಳಿಸ್ಬುಡೋಳು. ಅವಳು ಹೋದ್ಮೇಲೆ ಯಾರ್ ಮನೆ ಪಾತ್ರೆ ನೆಕ್ಕುದ್ರೂ ಆ ರುಚಿ ಐತಾ ಅಂತ್ಲೇ ನೋಡ್ದೆ. ಎಲ್ಲೂ ಸಿಗ್ನಿಲ್ಲ. ನನ್ ಕೈಗೂ ಬರ್ನಿಲ್ಲ.” ಮಗಳ ಬಲಗೈಯನ್ನು ಎಳೆದುಕೊಂಡು ತನ್ನ ಎರಡೂ ಕಣ್ಣಿಗೆ ಒತ್ತಿಕೊಂಡಳು. “ನಿಂಗೆ ಬಂದ್ಬುಟ್ಟೈತಲ್ಲೇ ಅವ್ವನ ಕೈ!”

ತಂಗಿ ಬಿಕ್ಕಿ ಬಿಕ್ಕಿ ಅತ್ತಳು. ಸುಳ್ಳೇಕೆ ಹೇಳಲಿ, ನಾನೂ ಅತ್ತೆ. ದೊಡ್ಡವ್ವ ಮಾತ್ರ ಎಷ್ಟು ಹೊತ್ತಾದರೂ ಆ ಕೈಯನ್ನು ಕಣ್ಣಿನಿಂದ ತೆಗೆಯಲಿಲ್ಲ.