ಗಲ್ಲಿಯೆಲ್ಲ ಹೊಡೆದ ಕಿಕ್

ತಸ್ಲೀಮಾ ಬ್ಲೌಸಿಗೆ ಕೊನೆಯ ಹುಕ್ಕು ಹಚ್ಚಿ ದಾರ ಕಡಿಯುವಷ್ಟರಲ್ಲಿ ಅಂಗಳದಲ್ಲಿ ಗಂಡ ಹೊಡೆದ ಇಪ್ಪತ್ತನೆಯ ಕಿಕ್ಕಿನ ಸದ್ದು ಕೇಳಿತು. ಸ್ಕೂಟರ್ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಹತ್ತೂವರೆಗೆ ಸುರಪುರದ ಹೊಲಿಗೆ ಕೇಂದ್ರದಲ್ಲಿ ಶಿಕ್ಷಕಿಯ ಕೆಲಸಕ್ಕೆ ಇಂಟರ್‌ವ್ಯೂ. ಇರುವುದು ಒಂದೇ ಜಾಗ. ಸ್ಕೂಟರ್ ಅವಳದೇ, ಆಯಿಲ್ ನೋಡದೆ ಓಡಿಸಿ ಎಂಜಿನ್ ಸುಟ್ಟವನು ಮಾತ್ರ ಗಂಡ ಮುಜಫರ. ಹದಿನೆಂಟು ದಿನ ಗ್ಯಾರೇಜಿನಲ್ಲಿ ಬಿದ್ದು, ಎಂಜಿನ್ ಪೂರ್ತಿ ಬಿಚ್ಚಿಸಿ ಕಟ್ಟಿಸಿಕೊಂಡು, ಅದು ನಿನ್ನೆ ಬಾಣಂತಿಯಂತೆ ಟಂಟಂ ಆಟೋದಲ್ಲಿ ಮನೆಗೆ ಬಂದಿತ್ತು.

ಅವಳು ಗ್ಯಾರೇಜಿನ ಮೇಸ್ತ್ರಿ ಗಯಾಸನಿಗೆ ಫೋನ್ ಮಾಡಿದಳು.

"ಹೊಸಾ ಎಂಜಿನ್ ಅದ ಭಾಬಿ. ಹೊಸಾ ಸೊಸಿ ಇದ್ದಂಗ, ಶರಂ ಪಡ್ತದ. ಕಿಕ್ ಹೊಡೀತಾ ಇರ್ರಿ."

"ಹೊಸಾ ಸೊಸಿಗಿ ಯಾರರೆ ಕಿಕ್ ಹೊಡೀತಾರೇನು?"

ಗಯಾಸ ಫೋನ್ ಇಟ್ಟ.

ಶಹಾಪುರದ ಆ ಗಲ್ಲಿಯಲ್ಲಿ ಒಂದು ರಿವಾಜಿತ್ತು. ಯಾರದೇ ಗಾಡಿ ನಿಂತರೂ ಹಾದುಹೋಗುವ ಪ್ರತಿ ಗಂಡಸೂ ಒಂದು ಕಿಕ್ ಹೊಡೆದೇ ಹೋಗಬೇಕು. ಹೊಡೆಯದೆ ಹೋದರೆ ಮನೆಯವರಿಗೆ ಅವಮಾನ. ಹಾಲು ಹಾಕುವವನು ಹೊಡೆದ, ಕಟಿಂಗ್ ಅಂಗಡಿಯವನು ಹೊಡೆದ. ಎದುರುಮನೆಯ ನಿವೃತ್ತ ಕಂಡಕ್ಟರ್ ಮರಿಲಿಂಗಪ್ಪ ಪ್ಲಗ್ ಬಿಚ್ಚಿ, ಊದಿ, ಧೋತರಕ್ಕೆ ಒರೆಸಿ ಮತ್ತೆ ಹಾಕಿದ. ಅತ್ತೆ ಚಮನಬೀ ಹ್ಯಾಂಡಲ್ಲಿಗೆ ಮೆಣಸಿನಕಾಯಿ ಇಳಿತೆಗೆದು, "ನಜರ್ ತಾಕ್ಯಾದ" ಎಂದಳು.

ಬಿಟ್ಟುಹೋದ ಹೊಲಿಗೆ ತಸ್ಲೀಮಾಳ ಕಣ್ಣು ತಪ್ಪಿಸುತ್ತಿರಲಿಲ್ಲ. ಬಾಗಿ ನೋಡಿದಳು. ಪೆಟ್ರೋಲ್ ಬರುವ ಕಡೆ ಸಣ್ಣದೊಂದು ರಬ್ಬರ್ ಪೈಪು ಗಾಳಿಯಲ್ಲಿ ತೂಗುತ್ತಿತ್ತು.

"ಇಲ್ಲಿ ನೋಡ್ರಿ, ಈ ಪೈಪ್ ಜೋಡ್ಸೇ ಇಲ್ಲ."

"ನೀ ಸುಮ್ಮನಿರು. ಇದು ಹೊಲಿಗಿ ಮಷಿನ್ ಅಲ್ಲ," ಎಂದ ಮುಜಫರ.

"ಅದು ಹವಾ ಆಡ್ಲಿ ಅಂತ ಬಿಟ್ಟಿರ್ತಾರವ್ವ," ಮರಿಲಿಂಗಪ್ಪ ಸಮಾಧಾನ ಹೇಳಿದ.

ಅವಳ ಮೈ ಉರಿಯಿತು. ಹನ್ನೆರಡು ವರ್ಷದಿಂದ ಹೊಲಿಗೆ ಮಷಿನ್ ಕೆಟ್ಟಾಗಲೆಲ್ಲ ಅವಳೇ ಬಿಚ್ಚಿ ಸರಿಮಾಡಿದ್ದಳು. ಅದಕ್ಕೆ ಕಿಕ್ ಹೊಡೆಯಲು ಒಬ್ಬ ಗಂಡಸೂ ಬಂದಿರಲಿಲ್ಲ.

ಒಂಬತ್ತೂಮುಕ್ಕಾಲಿಗೆ ಗಂಡಸರೆಲ್ಲ ದಣಿದು ಚಹಾ ಕುಡಿಯಲು ಮೂಲೆಯ ಹೋಟೆಲಿಗೆ ಹೋದರು. ತಸ್ಲೀಮಾ ಮೊಣಕಾಲೂರಿ ಪೈಪನ್ನು ಅದರ ಮೂತಿಗೆ ಒತ್ತಿ ಕೂರಿಸಿದಳು. ಕೈಯೆಲ್ಲ ಕಪ್ಪಾಯಿತು. ಕೈ ತೊಳೆದು ಬುರ್ಖಾ ಹಾಕಿಕೊಳ್ಳಲು ಒಳಗೆ ಹೋದಳು.

ಸಾಬೂನು ಹಚ್ಚುತ್ತಿದ್ದಾಗ ಹೊರಗೆ ಮತ್ತೆ ಕಿಕ್ ಶುರುವಾಯಿತು. ಒಂದು, ಎರಡು. ಮೂರನೆಯದಕ್ಕೆ ಎಂಜಿನ್ ಗುಡುಗಿತು.

"ಮರಿಲಿಂಗಪ್ಪನ ಕಾಲು ಅಂದ್ರ ಕಾಲು ನೋಡ್ರಿ," ಎಂದು ಯಾರೋ ಕೂಗಿದರು.

ಇಂಟರ್‌ವ್ಯೂನಲ್ಲಿ ತೋರಿಸಲು ಹೊಲಿದ ಬ್ಲೌಸು, ಸರ್ಟಿಫಿಕೇಟು ಚೀಲಕ್ಕೆ ಹಾಕಿಕೊಂಡು ಬಂದಾಗ ಅಂಗಳದಲ್ಲಿ ಹೊಗೆ ಮಾತ್ರ ಇತ್ತು.

"ಗಾಡಿ ಎಲ್ಲಿ ಹೋತು ಅಮ್ಮಾ?" ಎಂದು ಅತ್ತೆಯನ್ನು ಕೇಳಿದಳು.

"ಸುರಪುರಕ್ಕ. ಮರಿಲಿಂಗಪ್ಪನ ಅಣ್ಣನ ಮಗಳು ದಾನೇಶ್ವರಿ ಅಲ್ಲಿಂದ ಫೋನ್ ಮಾಡಿದ್ಳು. ಏನೋ ಹೊಲಿಗಿ ನೌಕರಿ ಇಂಟರ್‌ವ್ಯೂ ಅಂತ, ಸರ್ಟಿಫಿಕೇಟ್ ಕಾಕಾನ ಮನ್ಯಾಗೇ ಮರ್ತು ಹೋಗ್ಯಾಳ. ಮುಜಫರ, ಮರಿಲಿಂಗಪ್ಪ ಇಬ್ಬರೂ ಮುಟ್ಟಿಸಾಕ ಹೋದ್ರು. ನೆರಿಯವರಿಗಿ ಇಲ್ಲ ಅನ್ನಾಕ ಬರ್ತದೇನು? ನೀ ಬಸ್ಸಿಗಿ ಬರ್ತಿ ಅಂದ."

ಬಸ್ಸು ಶಹಾಪುರ ದಾಟುವ ಮೊದಲೇ ಹತ್ತೂವರೆಯಾಯಿತು. ಗಂಡನ ಫೋನ್ ಬಂತು.

"ಟೈಮಿಗಿ ಮುಟ್ಟಿದ್ವಿ. ದಾನೇಶ್ವರಿ ಒಳಗ ಹೋದಳು. ಗಾಡಿ ಮಸ್ತ್ ಓಡ್ತು, ಮರಿಲಿಂಗಪ್ಪನ ಕಾಲ್ಗುಣ ನೋಡು. ನೀ ಎಲ್ಲಿದ್ದಿ?"

"ಬರಾಕತ್ತೇನಿ," ಎಂದಳು.

ಇನ್ನು ಮೇಲೆ ದಿನಾ ಸಂಜೆ ಆ ಪೈಪನ್ನು ಬಿಚ್ಚಿಡಬೇಕು, ತಾನು ಹೊರಡುವಾಗ ಮಾತ್ರ ಜೋಡಿಸಬೇಕು. ಗಲ್ಲಿಯವರು ಬೇಕಾದಷ್ಟು ಕಿಕ್ ಹೊಡೆದುಕೊಳ್ಳಲಿ ಎಂದು ಮನಸ್ಸಿನಲ್ಲೇ ನಿರ್ಧರಿಸಿದಳು.

"ಏನ್ ವಿಚಾರ ಮಾಡಾಕತ್ತಿ?" ಮುಜಫರ ಕೇಳಿದ.

"ಏನಿಲ್ಲ," ಎಂದು ತಸ್ಲೀಮಾ ಫೋನ್ ಇಟ್ಟಳು.