ಇಡ್ಲಿ ವಡೆ ಏನು ತಿನ್ನುತ್ತವೆ?

ಮನುಷ್ಯನಿಗೆ ಜಂಬ ಪಡಲು ಏನಾದರೊಂದು ಬೇಕೇ ಬೇಕು. ನಮ್ಮ ಬಸ್ರೂರಿನ ಕೇರಿಯಲ್ಲೇ ನೋಡಿ, ಒಬ್ಬರಿಗೆ ಮಗನ ಮಾರ್ಕಿನ ಜಂಬ, ಇನ್ನೊಬ್ಬರಿಗೆ ಅಂಗಳದ ಮಲ್ಲಿಗೆಯ ಜಂಬ. ಮೂಲೆಮನೆಯವರಿಗಂತೂ ತಮಗೆ ಬಂದ ಕಾಯಿಲೆ ಊರಲ್ಲಿ ಬೇರೆ ಯಾರಿಗೂ ಬಂದಿಲ್ಲ ಎಂಬುದರದ್ದೇ ಜಂಬ. ರವಿಕೆ ಹೊಲಿದು ಕಣ್ಣು ಸವೆಸಿದ ನನಗೆ ಬಹುಕಾಲ ಅಂಥದ್ದೇನೂ ಸಿಕ್ಕಿರಲಿಲ್ಲ. ಈಗ ಸಿಕ್ಕಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಕಡೆ ಜಾಲಾಡಿದರೂ ಆಮೆಗೆ ಪೆಲೆಟ್, ಅಂದರೆ ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ತಿಂಡಿ, ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ಸಿಗಲಿಕ್ಕಿಲ್ಲ. ಸ್ಪರ್ಧೆಗೆ ಬೇರೆ ಯಾರೂ ನಿಂತಿಲ್ಲ ಎಂದು ನನ್ನ ಗಂಡ ಹೇಳುತ್ತಾರೆ. ಇರಬಹುದು. ಒಬ್ಬಳೇ ಓಡಿದರೂ ಮೊದಲು ಬಂದದ್ದು ಮೊದಲೇ.

ಆಮೆಗಳು ನನ್ನವಲ್ಲ, ಮುಂಬೈಯಲ್ಲಿರುವ ನನ್ನ ಅಕ್ಕನವು. ಆಫ್ರಿಕಾ ಮೂಲದ ನೆಲದ ಆಮೆಗಳು, ಸಾಕಲು ಬೇಕಾದ ಕಾಗದಪತ್ರವೆಲ್ಲ ಸರಿಯಾಗಿ ಇರುವಂಥವು. ಅಕ್ಕನ ಬಿಲ್ಡಿಂಗನ್ನು ಕೆಡವಿ ಹೊಸದಾಗಿ ಕಟ್ಟುವುದಾಯಿತು, ಬಾಡಿಗೆಗೆ ಸಿಕ್ಕ ಮನೆಯ ಯಜಮಾನ ಪ್ರಾಣಿ ಬೇಡವೆಂದ. ಹಾಗಾಗಿ ಅವು ಊರಿನ ದಾರಿ ಹಿಡಿದವು. ಭಾವ ಹೋಟೆಲಿನವರು, ಒಂದಕ್ಕೆ ಇಡ್ಲಿ, ಇನ್ನೊಂದಕ್ಕೆ ವಡೆ ಎಂದು ಹೆಸರಿಟ್ಟಿದ್ದರು. ಇದರಿಂದ ನಮ್ಮ ಮನೆಯಲ್ಲಿ ಆದ ಗೊಂದಲ ಅಷ್ಟಿಷ್ಟಲ್ಲ. "ಇಡ್ಲಿ ಬೆಳಿಗ್ಗೆಯಿಂದ ಎಂತದೂ ತಿನ್ಲಿಲ್ಲ" ಎಂದು ನಾನು ಫೋನಿನಲ್ಲಿ ಹೇಳುವುದನ್ನು ಕೇಳಿ, ರವಿಕೆ ಅಳತೆ ಕೊಡಲು ಬಂದವರೊಬ್ಬರು ಕುಳಿತಲ್ಲಿಂದ ಎದ್ದೇ ಹೋದರು.

ಅಕ್ಕನ ಬಗ್ಗೆ ಒಂದು ಮಾತು ಹೇಳಬೇಕು. ಅವಳು ಕೆಟ್ಟವಳಲ್ಲ. ಆದರೆ ಹುಟ್ಟಿದಾಗಿನಿಂದ ನನ್ನನ್ನು ಒಮ್ಮೆಯೂ ಹೊಗಳಿದವಳಲ್ಲ. ನಾನೇ ಹೊಲಿದು ಕೊಟ್ಟ ರವಿಕೆ ಹಾಕಿಕೊಂಡು, ಕನ್ನಡಿಯ ಮುಂದೆ ಹಿಂದೆಮುಂದೆ ತಿರುಗಿ ನೋಡಿ, ಕೊನೆಗೆ "ಬಟ್ಟಿ ಲಾಯ್ಕ್ ಇತ್ತ್" ಎಂದು ಬಟ್ಟೆಯನ್ನಷ್ಟೇ ಹೊಗಳುವ ಜಾತಿ. ಅಂಥವಳು ತನ್ನ ಜೀವದಂತಿದ್ದ ಆಮೆಗಳನ್ನು ನನ್ನ ಕೈಗೆ ಕೊಟ್ಟಿದ್ದಳು. ಅವು ಒಂದು ಚೂರು ಬಡವಾದರೂ ಸಾಕು, ನನ್ನ ಮಾನ ಮುಂಬೈಯವರೆಗೆ ಹರಾಜಾಗುವುದರಲ್ಲಿ ಅನುಮಾನವಿರಲಿಲ್ಲ.

ಅವಳು ಕಟ್ಟಿಕೊಟ್ಟ ಪೆಲೆಟ್ ಮುಗಿಯುವ ತನಕ ಎಲ್ಲ ಸುಸೂತ್ರವಾಗಿತ್ತು. ಹಿತ್ತಲಿನ ಹುಲ್ಲು, ದಾಸವಾಳದ ಎಲೆ, ಜೊತೆಗೆ ಒಂದಿಷ್ಟು ಪೆಲೆಟ್. ಪೆಲೆಟ್ ಮುಗಿದಾಗ, ಅದೇನು ಮಹಾ, ಕುಂದಾಪುರದಲ್ಲಿ ಬಣ್ಣದ ಮೀನು ಮಾರುವ ಅಂಗಡಿ ಇದೆಯಲ್ಲ ಎಂದು ಬಸ್ಸು ಹತ್ತಿದೆ. ಅಂಗಡಿಯವನು ಆಮೆಯ ಚಿತ್ರವಿದ್ದ ಡಬ್ಬಿಯೊಂದನ್ನು ತೆಗೆದುಕೊಟ್ಟ. "ಇದ್ ನೆಲದ್ ಆಮಿಗ್ ಆತ್ತಾ?" ಎಂದು ಕೇಳಿದೆ. "ಆಮಿ ಅಂದ್ರೆ ಆಮಿಯೇ ಅಲ್ದಾ ಅಕ್ಕ, ನೆಲದ್ದೇನ್, ನೀರಿಂದೇನ್?" ಎಂದ. ತಪ್ಪು ಅವನದ್ದೆಂದು ಹೇಳಲಾರೆ. ಇಂಗ್ಲಿಷಿನವರು ನೀರಿನದ್ದಕ್ಕೊಂದು, ನೆಲದ್ದಕ್ಕೊಂದು ಹೆಸರು ಇಟ್ಟುಕೊಂಡಿದ್ದಾರೆ. ನಾವು ಎರಡನ್ನೂ ಆಮೆಯೆಂದು ಕರೆದು ಕೈತೊಳೆದುಕೊಂಡಿದ್ದೇವೆ. ಮನೆಗೆ ತಂದು ಮುಚ್ಚಳ ತೆಗೆದದ್ದೇ ತಡ, ಜಗಲಿಯಲ್ಲಿದ್ದ ಅತ್ತೆ ಮೂಗರಳಿಸಿದರು. "ಹೆಣೆ, ಇದ್ರಗೆ ಒಣ ಚಟ್ಲಿ ವಾಸ್ನಿ ಬತ್ತಲ್ದಾ!" ಎಂದರು. ನನ್ನ ಗಂಡ ಗಂಗೊಳ್ಳಿಯಿಂದ ಮೀನು ತಂದು ಮಾರುವವರು. ಒಣಸಿಗಡಿಯ ವಿಷಯದಲ್ಲಿ ನಮ್ಮತ್ತೆಯ ಮೂಗು ತಪ್ಪಿದ್ದಿಲ್ಲ. ಡಬ್ಬಿ ತಿರುಗಿಸಿ ಓದಿದೆ. ಮೊದಲ ಹೆಸರೇ ಮೀನಿನ ಹಿಟ್ಟು, ಅದರ ಹಿಂದೆಯೇ ಸಿಗಡಿ. ಮೂರು ಹೊತ್ತೂ ಮೀನು ಬೇಯುವ ಮನೆಯಲ್ಲಿ ಶುದ್ಧ ಸಸ್ಯಾಹಾರಿಗಳೆಂದರೆ ಈ ಎರಡೇ ಜೀವ. ಅವುಗಳ ಜಾತಿ ಕೆಡಿಸಲು ನಾನು ಹೊರಟಿದ್ದೆ.

ಮರುದಿನ ಡಬ್ಬಿಯನ್ನು ಹಿಂದಿರುಗಿಸಿದೆ. ಈ ಸಲ ಅಂಗಡಿಯವನು ಕೊಟ್ಟ ಪ್ಯಾಕೆಟಿನಲ್ಲಿ ನೆಲದ ಆಮೆಯದ್ದೇ ಚಿತ್ರವಿತ್ತು. ಕೆಂಪು, ಹಳದಿ, ಹಸಿರು ಪೆಲೆಟ್‌ಗಳು, ಹಣ್ಣಿನ ಘಮ. ಇಡ್ಲಿ ವಡೆ ಎರಡೂ ಮುಗಿಬಿದ್ದು ತಿಂದವು. ಆಮೆಗಳು ಮುಗಿಬೀಳುವುದನ್ನು ನೀವು ನೋಡಿರಲಿಕ್ಕಿಲ್ಲ. ನಿಧಾನವೇ, ಆದರೆ ಛಲ ಇರುತ್ತದೆ. ನಾನು ಬೀಗಿದೆ, ಅಕ್ಕನಿಗೆ ವಿಡಿಯೋ ಕಳಿಸಿದೆ. ಅದಾದ ಮೇಲೆ ವಡೆಯ ಹೊಟ್ಟೆ ಕೆಟ್ಟಿತು. ಅದು ತಲೆ ಒಳಗೆಳೆದುಕೊಂಡು ಮೂಲೆ ಸೇರಿತು. ಅದೇ ದಿನ ಅಕ್ಕನ ಫೋನು: "ಆನೆಗುಡ್ಡೆಗೊಂದ್ ಹರಕಿ ಇತ್ತ್, ಬಪ್ಪ ವಾರ ಬತ್ತೆ. ಮಕ್ಳ್ ಹುಷಾರಿದ್ದೋ ಅಲ್ದಾ?" ಮಕ್ಕಳೆಂದರೆ ನನ್ನವಲ್ಲ, ಚಿಪ್ಪಿನವು. "ಹುಷಾರೇ ಹುಷಾರ್" ಎಂದೆ. ಫೋನು ಇಟ್ಟವಳೇ ಬಟ್ಟೆಚೀಲ ಹುಡುಕಿದೆ.

ವಡೆಯನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ಬ್ರಹ್ಮಾವರದ ದನದ ಡಾಕ್ಟರ ಬಳಿಗೆ ಓಡಿದೆ. ಆಮೆಯನ್ನು ಮೇಜಿನ ಮೇಲಿಟ್ಟಾಗ ಅವರು ಕನ್ನಡಕ ಒರೆಸಿಕೊಂಡರು. ಪ್ಯಾಕೆಟ್ಟನ್ನೂ ಕೊಂಡುಹೋಗಿದ್ದೆ. ಓದಿ ನಕ್ಕರು. "ಅಲ್ದೇ, ಇದ್ ಪೂರಾ ಸಕ್ರಿ, ಬಣ್ಣ. ಇವು ಹುಲ್ಲ್ ತಿಂಬು ಜಾತಿ, ಹಣ್ಣೂ ಬೇಡ. ನಾರ್ ಜಾಸ್ತಿ ಇರ್ಕ್, ಪ್ರೋಟೀನ್ ಕಮ್ಮಿ ಇರ್ಕ್. ಪ್ಯಾಕೆಟಂಗೆ ಬರ್ದ ಮೊದಲ್ನೇ ಹೆಸ್ರೇ ಹುಲ್ಲಿಂದಿದ್ರೆ ತಕಣಿ, ಇಲ್ದಿದ್ರೆ ಬಿಡಿ. ನೀರಂಗೆ ನೆನ್ಸಿ ಕೊಡಿ. ಮತ್ತೆ ಪೆಲೆಟ್ ಅಂದ್ರೆ ಉಪ್ಪಿನ್‌ಕಾಯಿ ಇದ್ದಂಗೆ, ಊಟ ಹಿತ್ಲಂಗೇ ಇತ್ತ್" ಎಂದರು. ನನಗೆ ಕಣ್ಣು ತೆರೆದಂತಾಯಿತು. ಪ್ಯಾಕೆಟಿನ ಚಿತ್ರ ನೋಡಿ ಆಮೆಗೆ ತಿಂಡಿ ಕೊಳ್ಳುವುದೂ ಒಂದೇ, ಕ್ಯಾಲೆಂಡರಿನ ಹೆಂಗಸನ್ನು ನೋಡಿ ರವಿಕೆಗೆ ಅಳತೆ ಕೊಡುವುದೂ ಒಂದೇ. ವಿಷಯವಿರುವುದು ಹಿಂಬದಿಯ ಸಣ್ಣ ಅಕ್ಷರದಲ್ಲಿ. ಅಲ್ಲಿಂದ ಸೀದಾ ಕುಂದಾಪುರಕ್ಕೆ ಹೋಗಿ, ಅಂಗಡಿಯವನ ಕಪಾಟಿನಲ್ಲಿದ್ದುದನ್ನೆಲ್ಲ ಕೆಳಗಿಳಿಸಿ, ಸೂಜಿಗೆ ದಾರ ಪೋಣಿಸುವ ಕನ್ನಡಕ ಹಾಕಿಕೊಂಡು ಓದಿದೆ. ಯಾವುದೂ ಪಾಸಾಗಲಿಲ್ಲ. ಕೊನೆಗೆ ಅವನು ಮಂಗಳೂರಿನಿಂದ ತರಿಸಿಕೊಟ್ಟ, ಒಣಹುಲ್ಲಿನ ಬಣ್ಣದ, ನೋಡಲು ಒಂದಿಷ್ಟೂ ಚಂದವಿಲ್ಲದ ಪೆಲೆಟ್ ಪಾಸಾಯಿತು.

ಆದರೆ ಪರೀಕ್ಷೆ ಪಾಸಾದದ್ದನ್ನು ಇಡ್ಲಿ ವಡೆ ಒಪ್ಪಬೇಕಲ್ಲ! ನೆನೆಸಿಟ್ಟ ಪೆಲೆಟ್ಟಿನ ತಟ್ಟೆಯನ್ನು ಮೂಸಿ, ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರಂತೆ ಮುಖ ತಿರುಗಿಸಿ ಹೋದವು. ಹುಲ್ಲೂ ಬೇಡ. ಮರುದಿನವೂ ಅದೇ. ಉಪವಾಸವಿದ್ದರೂ ಇಡ್ಲಿ ಮಾತ್ರ ಬಹಳ ಗೆಲುವಾಗಿರುವುದು ನನಗೆ ವಿಚಿತ್ರವೆನಿಸಿತು. ಹತ್ತಿರ ಹೋಗಿ ನೋಡಿದರೆ ಬಾಯಿಯ ಸುತ್ತ ಹಳದಿ. ಮೂಸಿದೆ. ಹಲಸಿನ ಹಣ್ಣು! ತಿರುಗಿ ನೋಡಿದರೆ ಅತ್ತೆ ಸೆರಗಿಗೆ ಕೈ ಒರೆಸುತ್ತ ಆಕಾಶ ನೋಡುತ್ತಿದ್ದಾರೆ.

"ಅತ್ತೆ, ಡಾಕ್ಟ್ರ್ ಹಣ್ಣ್ ಬೇಡ ಅಂದಿರಲೆ!" ಎಂದೆ.

"ಡಾಕ್ಟ್ರಿಗೆಂತ ಗೊತ್ತ್? ಮುಂಬೈಯಿಂದ ಮನಿಗ್ ಬಂದ್ ನೆಂಟ್ರಿಗ್ ಹುಲ್ಲ್ ಹಾಕುದಾ? ನಾಳೆ ನಿನ್ನ್ ಅಕ್ಕ ಎಂತ ಹೇಳುಗು?"

ಇಡೀ ಜನ್ಮ ಬಂದವರಿಗೆ ಬಡಿಸಿ ಬಡಿಸಿ ದೊಡ್ಡವರಾದವರಿಗೆ ನಾರಿನಂಶದ ಮಹತ್ವ ಹೇಳುವುದು ಹೇಗೆ? ಜಗಳ ಬಿಟ್ಟು ಉಪಾಯ ಹಿಡಿದೆ. "ಹಂಗಾರೆ ಇನ್ಮೇಲ್ ನೀವೇ ಬಡ್ಸಿ ಅತ್ತೆ, ನನ್ನ್ ಕೈಯಂಗೆ ಅವು ತಿಂತಿಲ್ಲ. ಆದ್ರೆ ಹಣ್ಣೊಂದ್ ಬೇಡ" ಎಂದೆ. ಅತ್ತೆಯ ಮುಖ ಅರಳಿತು. ನೆನೆದ ಪೆಲೆಟ್ಟನ್ನು ಬೆರಳಲ್ಲಿ ಹಿಚುಕಿ, ಹುಲ್ಲಿನ ಜೊತೆ ಕಲಸಿ, ಮೇಲೆ ದಾಸವಾಳದ ಕೆಂಪು ಎಸಳು ಉದುರಿಸಿ, "ತಿನ್ನ್ ಮಗಾ, ಇದೊಂದ್ ತುತ್ತ್" ಎಂದು ಮುಂದಿಟ್ಟರು. ಇಡ್ಲಿ ಎಸಳಿಗೆ ಬಾಯಿ ಹಾಕಿತು, ಎಸಳಿಗಂಟಿದ ಪೆಲೆಟ್ಟೂ ಒಳಗೆ ಹೋಯಿತು. ಇಡ್ಲಿಯನ್ನು ನೋಡಿ ವಡೆಯೂ ಬಂತು. ನಾನು ಹೊಲಿಗೆ ಯಂತ್ರದ ಮುಂದೆ ಕುಳಿತು, ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡೆ.

ಅಕ್ಕ ಬಂದಳು. ಬ್ಯಾಗನ್ನು ಜಗಲಿಯಲ್ಲೇ ಬಿಟ್ಟು ಹಿತ್ತಲಿಗೆ ನಡೆದಳು. ಎರಡನ್ನೂ ಎತ್ತಿ, ಚಿಪ್ಪು ಸವರಿ, ಕಣ್ಣು ನೋಡಿ, ಕಾಲು ಒತ್ತಿ ಪರೀಕ್ಷಿಸಿದಳು. "ಯಾವ ಪೆಲೆಟ್ ಹಾಕ್ತೆ?" ಎಂದಳು. ಪ್ಯಾಕೆಟ್ ತಂದು ಹಿಂಬದಿ ತಿರುಗಿಸಿ, ಮೊದಲ ಹೆಸರಿನಿಂದ ಕೊನೆಯ ತನಕ ವಿವರಿಸಿದೆ. ಅಕ್ಕ ಪ್ಯಾಕೆಟ್ಟನ್ನು ಕೈಗೆ ತೆಗೆದುಕೊಂಡು ತಾನೂ ಓದಿದಳು. "ನಾನೂ ಇಷ್ಟ್ ಲಾಯ್ಕ್ ಮಾಡಿ ಸಾಕ್ಲಿಲ್ಲ ಹೆಣೆ. ಇವ್ನ್ ಮತ್ತೆ ಆ ಪೇಟಿಗ್ ಕೊಂಡೋದ್ರೆ ಪಾಪ ಬತ್ತ್. ಇಲ್ಲೇ ಇರ್ಲಾ?" ಎಂದಳು. ಆ ಹೊತ್ತಿನಲ್ಲಿ ಅವಳು ಆನೆಯನ್ನು ಸಾಕೆಂದಿದ್ದರೂ ಒಪ್ಪುತ್ತಿದ್ದೆ. "ಇರ್ಲಿ ಬಿಡ್ ಅಕ್ಕ, ಅದೆಂತ ದೊಡ್ದ್!" ಎಂದುಬಿಟ್ಟೆ.

ಈಗ ಅಂಗಡಿಯವನು ಗಿರಾಕಿಗಳಿಗೆ ನನ್ನ ನಂಬರು ಕೊಡುತ್ತಾನೆ. ಮೊನ್ನೆ ಬೈಂದೂರಿನಿಂದ ಒಬ್ಬರು ಫೋನು ಮಾಡಿ, ನೀರಿನ ಆಮೆಗೆ ಯಾವುದು ಒಳ್ಳೆಯದೆಂದು ಕೇಳಿದರು. ನನ್ನದು ನೆಲದ ವಿಭಾಗ ಎಂದು ಗಂಭೀರವಾಗಿ ಹೇಳಿ ಇಟ್ಟೆ. ಪಕ್ಕದಲ್ಲಿ ಬಲೆಯಂತೆ ಪೇಪರು ಹರಡಿಕೊಂಡು ಕೂತಿದ್ದ ಗಂಡ, ತಲೆ ಎತ್ತದೆಯೇ, "ನಿನ್ನ್ ಅಕ್ಕ ಹೊಗ್ಳಿ ಗಂಟ್ ಹಾಕಿ ಹೋದ್ಲಲೆ. ಈ ಜಾತಿ ಆಮಿ ನೂರ್ ವರ್ಷ ಬದ್ಕುದೂ ಇತ್ತ್ ಅಂಬ್ರ್, ಗೊತ್ತಿತ್ತಾ?" ಎಂದರು. ಗೊತ್ತಿರಲಿಲ್ಲ. ಅಂದೇ, ನನ್ನ ನಂತರ ಇವುಗಳ ಪೆಲೆಟ್ ಆರಿಸುವವರು ಯಾರೆಂದು ಮನೆಯವರನ್ನೆಲ್ಲ ಮನಸ್ಸಿನಲ್ಲೇ ಒಬ್ಬೊಬ್ಬರಾಗಿ ತೂಗಿ ನೋಡಿದೆ. ಎಷ್ಟು ಧಾರಾಳವಾಗಿ ಮಾರ್ಕು ಕೊಟ್ಟರೂ ಒಬ್ಬರೂ ಪಾಸಾಗಲಿಲ್ಲ. ಬೇರೆ ದಾರಿ ಕಾಣದೆ, ನಾನೇ ನೂರು ವರ್ಷ ಬದುಕುವುದೆಂದು ತೀರ್ಮಾನಿಸಿದ್ದೇನೆ.