‘ಹತ್ತೇ ನಿಮಿಷದಲ್ಲಿ ಒಣಗುತ್ತದೆ’ ಎಂದು ಬರೆದವರಿಗೆ

ಸ್ಪ್ರೇ ಬಣ್ಣದ ಡಬ್ಬಿಯ ಬೆನ್ನ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರಗಳಲ್ಲಿ ಬಳಕೆಯ ಸೂಚನೆಗಳನ್ನು ಬರೆದುಕೊಟ್ಟ ಮಾನ್ಯರೇ,

ಇಷ್ಟೆಲ್ಲ ಬರೆದೂ ತಮ್ಮ ಹೆಸರನ್ನು ಎಲ್ಲೂ ಹಾಕಿಕೊಳ್ಳದಷ್ಟು ವಿನಯವಂತರಾದ ತಮಗೆ ನನ್ನ ಎರಡೂ ಕೈ ಜೋಡಿಸಿದ ನಮಸ್ಕಾರಗಳು. ಕೈಗಳು ಮೊಣಕೈವರೆಗೆ ನೀಲಿಯಾಗಿವೆ, ದಯವಿಟ್ಟು ತಪ್ಪು ತಿಳಿಯಬಾರದು.

ನಾನು ಬಟ್ಟೆ ಹೊಲಿಯುವವಳು. ನಾನೂ ನನ್ನ ಅಕ್ಕನೂ ಚಿಕ್ಕಂದಿನಲ್ಲಿ ಜುಟ್ಟು ಹಿಡಿದು ಜಗಳವಾಡುತ್ತ ಆಡಿದ ಒಂದು ಗೇಮ್ ಕನ್ಸೋಲ್ ನನ್ನ ಅಂಗಡಿಯ ಅಟ್ಟದ ಮೇಲೆ ಇತ್ತು. ಒಳಗಿನ ಯಂತ್ರ ಇನ್ನೂ ಗಟ್ಟಿಮುಟ್ಟಾಗಿತ್ತು, ಮೇಲಿನ ಪ್ಲಾಸ್ಟಿಕ್ ಕವಚ ಮಾತ್ರ ಹಳದಿಗಟ್ಟಿ ನೋಡಲಾಗದಂತಾಗಿತ್ತು. ಅಕ್ಕ ದೂರದ ಆಸ್ಪತ್ರೆಯೊಂದರಲ್ಲಿ ನರ್ಸ್. ವರ್ಷಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಬರುತ್ತಾಳೆ, ಚಪ್ಪಲಿಯನ್ನು ಬೀದಿಯ ಕಡೆಗೆ ಮುಖ ಮಾಡಿ ಬಿಡುತ್ತಾಳೆ, ಸಂಜೆಯ ಬಸ್ಸಿಗೆ ಹೊರಟುಬಿಡುತ್ತಾಳೆ. ಕನ್ಸೋಲನ್ನು ಹೊಸದರಂತೆ ಮಾಡಿ ಎದುರಿಗಿಟ್ಟರೆ ಆಟದ ಆಸೆಗಾದರೂ ಒಂದು ಬಸ್ಸು ತಪ್ಪಿಸಿಕೊಂಡಾಳು ಎಂಬುದು ನನ್ನ ಲೆಕ್ಕಾಚಾರ. ಅವಳು ಹೊರಟ ಮೇಲೆ ಮನೆ ಬಿಕೋ ಎನ್ನುತ್ತದೆ, ಮಾನ್ಯರೇ; ಆ ಸಂಜೆಗಳೆಂದರೆ ನನಗೆ ಆಗದು.

ಆದ್ದರಿಂದ ಶನಿವಾರ ಅಂಗಡಿಗೆ ಅರ್ಧ ದಿನ ರಜೆ ಹಾಕಿ, ತಮ್ಮ ಸೂಚನೆಗಳನ್ನು ಭೂತಗನ್ನಡಿ ಹಿಡಿದು ಓದಿ, ಅಕ್ಷರಶಃ ಪಾಲಿಸಿದೆ. ಸ್ಕ್ರೂಗಳನ್ನು ಬಿಚ್ಚಿ ಗುಂಡಿಗಳ ಡಬ್ಬಿಗೆ ಹಾಕಿದೆ. ಈಗ ಅವು ನಾನೂರು ಗುಂಡಿಗಳ ನಡುವೆ ಸುಖವಾಗಿವೆ. ಕವಚದ ಎರಡೂ ಹೋಳುಗಳನ್ನು ಸೋಪಿನ ನೀರಿನಲ್ಲಿ ತೊಳೆದು, ಒರೆಸಿ, ತಂತಿ ಸಿಕ್ಕಿಸುವ ತೂತುಗಳಿಗೆಲ್ಲ ಕಾಗದದ ಟೇಪು ಅಂಟಿಸಿದೆ. ಆಮೇಲೆ ‘ಮೇಲ್ಮೈ ಮೇಲಿನ ಎಲ್ಲ ಗೀರುಗಳನ್ನೂ ಉಜ್ಜಿ ತೆಗೆಯಿರಿ’ ಎಂಬ ತಮ್ಮ ಅಪ್ಪಣೆಯನ್ನು ಶಿರಸಾವಹಿಸಿ, ನುಣುಪು ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಅದ್ದಿ ಒಂದೂವರೆ ಗಂಟೆ ಉಜ್ಜಿದೆ. ಕವಚದ ತಳವನ್ನಂತೂ ಹಾಲುಗೆನ್ನೆಯ ಮಗುವಿನಷ್ಟು ನುಣ್ಣಗೆ ಮಾಡಿದೆ.

ಆ ತಳದಲ್ಲಿಯೇ, ಮಾನ್ಯರೇ, ಅಕ್ಕ ಪಿನ್ನಿನಿಂದ ಗೀಚಿದ ಗೀರುಗಳಿದ್ದವು. ಎಡಕ್ಕೆ ಅವಳು ಗೆದ್ದ ಆಟಗಳು, ಬಲಕ್ಕೆ ನಾನು ಗೆದ್ದವು. ಅವಳು ಮೂರು ಆಟ ಮುಂದಿದ್ದಳೆಂದು ಅವಳೂ, ನಾನು ಎರಡು ಆಟ ಮುಂದಿದ್ದೆನೆಂದು ನಾನೂ ಇಪ್ಪತ್ತಾರು ವರ್ಷಗಳಿಂದ ಫೋನಿನಲ್ಲಿ ವಾದಿಸುತ್ತಿದ್ದೇವೆ; ಅಟ್ಟ ಹತ್ತಿ ಎಣಿಸಿ ನೋಡುವ ಗೋಜಿಗೆ ಮಾತ್ರ ಇಬ್ಬರೂ ಹೋಗಿರಲಿಲ್ಲ. ಇದ್ದ ಒಂದೇ ಸಾಕ್ಷಿಯನ್ನು ನಾನು ನನ್ನ ಕೈಯಾರೆ ಅಳಿಸಿ, ಹಾಳು ಬುದ್ಧಿಗೆ ಸಮಾಧಾನವಾಗದೆ, ಒಣಬಟ್ಟೆಯಿಂದ ಒರೆಸಿಯೂ ಬಿಟ್ಟೆ.

ತಪ್ಪು ಹೊಳೆದದ್ದು ಆಮೇಲೆ. ಮುಚ್ಚಿಹಾಕುವ ಗಡಿಬಿಡಿಯಲ್ಲಿ, ತಾವು ಹೇಳಿದ ಮೂರು ತೆಳು ಪದರಗಳನ್ನು ಒಂದೇ ದಪ್ಪ ಪದರಕ್ಕೆ ಇಳಿಸಿ, ಹೋಳುಗಳನ್ನು ಬಟ್ಟೆಯ ಹ್ಯಾಂಗರಿಗೆ ಸಿಕ್ಕಿಸಿ ತಾರಸಿಯ ಹಗ್ಗಕ್ಕೆ ನೇತುಹಾಕಿದೆ. ಈ ಒಂದು ವಿಷಯದಲ್ಲಿ ನನ್ನದೂ ಸ್ವಲ್ಪ ತಪ್ಪಿದೆ ಎಂದು ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ನನಗಿದೆ. ಆದರೆ ಹತ್ತು ನಿಮಿಷ ಹೋಗಲಿ, ಹತ್ತು ಗಂಟೆಯಾದರೂ ಒಣಗಲಿಲ್ಲ. ‘ನಾಳೆ ಬನ್ನಿ, ಬಟ್ಟೆ ಸಿದ್ಧವಿರುತ್ತದೆ’ ಎಂದು ಹೇಳುತ್ತ ಇಪ್ಪತ್ತು ವರ್ಷ ಅಂಗಡಿ ನಡೆಸಿದ ನನಗೂ ತಮ್ಮಷ್ಟು ಧೈರ್ಯ ಬಂದಿಲ್ಲ. ಈ ಕಲೆಯಲ್ಲಿ ತಾವು ನನ್ನ ಗುರುಸಮಾನರು.

ಭಾನುವಾರ ಬೆಳಿಗ್ಗೆ ಅಕ್ಕ ಬಂದವಳೇ ತಾರಸಿ ಹತ್ತಿ, ಹಸಿ ಬಣ್ಣದ ಮೇಲೆ ಹೆಬ್ಬೆರಳೊತ್ತಿ, ತಳ ತಿರುಗಿಸಿ ನೋಡಿ, ಬೀದಿಗೆಲ್ಲ ಕೇಳುವಂತೆ ಕೂಗಿದಳು: “ನಾನು ಗೆದ್ದಿದ್ದನ್ನೆಲ್ಲ ಉಜ್ಜಿ ಹಾಕಿದ್ದೀಯಲ್ಲೇ, ಕಳ್ಳಿ! ಇದು ಒಣಗ್ಲಿ, ಮೊದಲಿಂದ ಆಡೋಣ. ತೀರ್ಮಾನ ಆಗೋವರೆಗೂ ನಾನಂತೂ ಇಲ್ಲಿಂದ ಕದಲಲ್ಲ.” ಆಸ್ಪತ್ರೆಗೆ ಫೋನು ಮಾಡಿ, ವರ್ಷಗಟ್ಟಲೆ ಉಳಿಸಿಟ್ಟಿದ್ದ ರಜೆಯಲ್ಲಿ ಒಂದು ವಾರ ಕೇಳಿಯೇಬಿಟ್ಟಳು. ಸಂಜೆಯ ಬಸ್ಸು ಅವಳಿಲ್ಲದೆ ಹೋಯಿತು.

ಇಂದು ಗುರುವಾರ. ಅಕ್ಕ ನನ್ನ ಅಂಗಡಿಯಲ್ಲಿ ಕಾಲು ಚಾಚಿ ಕೂತು, ನಾನು ಕೊಟ್ಟ ಹೆಮ್ಮಿಂಗ್ ಕೆಲಸವನ್ನು ಗಾಯಕ್ಕೆ ಹೊಲಿಗೆ ಹಾಕುವ ನರ್ಸಮ್ಮನ ಗತ್ತಿನಲ್ಲಿ ಮಾಡುತ್ತ, ಬರುವ ಗಿರಾಕಿಗಳ ಬಿ.ಪಿ. ವಿಚಾರಿಸುತ್ತಿದ್ದಾಳೆ. ಮನೆಯಲ್ಲಿ ಎರಡು ತಟ್ಟೆ, ಎರಡು ಲೋಟ. ನನಗೆ ಇಷ್ಟು ಸಂತೋಷವಾಗಿ ಬಹಳ ಕಾಲವಾಗಿತ್ತು.

ಆದಕಾರಣ ತಮ್ಮಲ್ಲಿ ನನ್ನ ನಮ್ರ ವಿನಂತಿಗಳು: ಮುಂದಿನ ಡಬ್ಬಿಗಳ ಮೇಲೆ ‘ಉಜ್ಜುವ ಮುನ್ನ ಒಡಹುಟ್ಟಿದವರನ್ನು ಒಂದು ಮಾತು ಕೇಳಿ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕು. ಉಜ್ಜಿದ ಗೀರುಗಳನ್ನು ಮರಳಿ ಮೂಡಿಸುವ ಕಾಗದವೊಂದನ್ನು ಕಂಡುಹಿಡಿಯಬೇಕು; ಆದರೆ ಬಲಗಡೆಯ ಗೀರುಗಳು ಮಾತ್ರ ಮೂಡಿದರೆ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಕನಿಷ್ಠ ಒಂದು ತಿಂಗಳು ಒಣಗದೇ ಇರುವಂಥ ಬಣ್ಣವನ್ನು ಮಾರುಕಟ್ಟೆಗೆ ತರಬೇಕು. ತಮಗೆ ಅದೇನೂ ಕಷ್ಟದ ಕೆಲಸವಲ್ಲ.

ನೀಲಿ ಕೈಗಳ,
ತಮ್ಮ ವಿಶ್ವಾಸಿ,
ಬಟ್ಟೆ ಹೊಲಿಯುವವಳು

ವಿ.ಸೂ.: ನಿಜ ಹೇಳಬೇಕೆಂದರೆ, ಬಣ್ಣ ಮೊನ್ನೆ ಮಂಗಳವಾರವೇ ಒಣಗಿದೆ. ಹೋಳುಗಳ ಮೇಲೆ ಬುಟ್ಟಿ ಬೋರಲು ಹಾಕಿ, ಯಾರೂ ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿ, ದಿನಾ ಬೆಳಿಗ್ಗೆ ನಾನೊಬ್ಬಳೇ ಬೆರಳಿಟ್ಟು ನೋಡಿ ‘ಇನ್ನೂ ಅಂಟಂಟು’ ಎಂದು ಅಕ್ಕನಿಗೆ ವರದಿ ಒಪ್ಪಿಸುತ್ತಿದ್ದೇನೆ. ಒಣಗುವ ವಿಚಾರದಲ್ಲಿ ಎಂದೂ ನಿಜ ಹೇಳಿ ಅಭ್ಯಾಸವಿಲ್ಲದ ತಮ್ಮ ಬಳಿ ಈ ಗುಟ್ಟು ಭದ್ರವಾಗಿರುತ್ತದೆಂದು ನಂಬಿದ್ದೇನೆ.